ಜೀವಜಲದ ಊರುಗಳಲ್ಲಿ ಒಂದು ವಾರ

"ಅಕ್ಕಾ, ಈ ಸಲ ನೀನೂ ಭಾವನೂ ಬಂದಾಗ ಒಂದು ವಾರ ವಿಸ್ಕಿ ಕಾರ್ಖಾನೆಗಳನ್ನ ನೋಡ್ಕೊಂಡು ಬರೋಣ" ಎಂದು ತಮ್ಮ ಫೋನಿನಲ್ಲಿ ಹೇಳಿದಾಗ ನಾನು ಸಾರಿಗೆ ಒಗ್ಗರಣೆ ಇಟ್ಟಿದ್ದೆ. ಸಾಸಿವೆ ಸೀದು ಕರ್ರಗಾಯಿತು. "ಏನೋ ಅದು? ಕುಡಿಯೋ ವಿಸ್ಕೀನಾ?" ಎಂದೆ. "ಹೂಂ ಕಣೇ, ಕುಡಿಯೋದು ಬೇಡ, ನೋಡೋದು" ಎಂದು ನಕ್ಕ.

ನನ್ನ ತಮ್ಮ ಸ್ಕಾಟ್ಲೆಂಡಿನ ಅಬರ್ಡೀನ್ ಎಂಬ ಊರಿನಲ್ಲಿ ಎಂಜಿನಿಯರ್. ಸಮುದ್ರದ ತಳದಿಂದ ಎಣ್ಣೆ ತೆಗೆಯುವ ಉದ್ಯೋಗದ ಊರು ಅದು. ನಮ್ಮ ಕಡೆಯ ಅನೇಕ ಹುಡುಗರು ಅಲ್ಲಿದ್ದಾರೆ. ಹೋಗಲೋ ಬೇಡವೋ ಎಂದು ನಾನು ಎರಡು ವಾರ ಯೋಚಿಸಿದೆ. ನಮ್ಮವರು ಬೀಡಿ ಸಿಗರೇಟು ಸಹ ಮುಟ್ಟದವರು. ಅವರಿಗೆ ಇದೊಂದು ತಮಾಷೆ. ನನಗೆ ಮಾತ್ರ ತಮಾಷೆಯಾಗಿರಲಿಲ್ಲ.

ಕಾರಣ ಹೇಳಿಬಿಡುತ್ತೇನೆ. ನಮ್ಮಪ್ಪ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಶನಿವಾರ ಬಟವಾಡೆ. ಆ ದಿನ ಸಂಜೆ ಅಮ್ಮ ನನ್ನನ್ನು ಸಾರಾಯಿ ಅಂಗಡಿಯ ಕಡೆಗೆ ಅಟ್ಟುತ್ತಿದ್ದಳು, ದುಡ್ಡು ಪೂರ್ತಿ ಖರ್ಚಾಗುವ ಮೊದಲು ಅಪ್ಪನನ್ನು ಕರೆತರಲಿ ಎಂದು. ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದೆ. ಆಗ ಸಾರಾಯಿ ಪ್ಯಾಕೆಟ್ಟಿನಲ್ಲಿ ಬರುತ್ತಿತ್ತು. ಅಂಗಡಿಯ ಮುಂದೆ ಹಲ್ಲಿನಿಂದ ಮೂಲೆ ಕಚ್ಚಿ ಬಿಸಾಕಿದ ಪ್ಯಾಕೆಟ್ಟುಗಳು ಕಾಲಿಗೆ ಅಂಟುತ್ತಿದ್ದವು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಪ್ಪ ತೀರಿಕೊಂಡರು. ತಮ್ಮನಿಗಾಗ ಆರು ವರ್ಷ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದಾಗ ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ನಮ್ಮ ಮನೆಯ ಮಟ್ಟಿಗೆ ಅದು ಹದಿನಾಲ್ಕು ವರ್ಷ ತಡವಾಗಿ ಬಂದಿತ್ತು.

ಇಂಥವಳಿಗೆ ವಿಸ್ಕಿ ಯಾತ್ರೆ ಯಾಕೆ ಎಂದು ನೀವು ಕೇಳಬಹುದು. ನನಗೂ ಅದೇ ಪ್ರಶ್ನೆ. ಆದರೆ ಫೋನಿನಲ್ಲಿ ತಮ್ಮನ ದನಿಯಲ್ಲಿ ಏನೋ ಇತ್ತು. "ನೀನು ಬರಲೇಬೇಕು ಅಕ್ಕಾ" ಎಂದು ಅವನು ಹಾಗೆ ಕೇಳಿದ್ದೇ ಇಲ್ಲ. ಕೊನೆಗೆ "ಆಯ್ತು ಕಣಪ್ಪ, ಆದ್ರೆ ಎಲ್ಲಿಗೆ, ಎಷ್ಟು ದಿನ ಅನ್ನೋದನ್ನ ನಾನೇ ಗೊತ್ತು ಮಾಡ್ತೀನಿ" ಎಂದೆ. ಮನೆಯಲ್ಲಿ ಮದುವೆಯ ಸಾಮಾನಿನ ಪಟ್ಟಿ ಬರೆಯುವವಳು ನಾನೇ ಅಲ್ಲವೇ!

ಮಗಳು ತನ್ನ ಮೊಬೈಲಿನಲ್ಲಿ ನಕಾಶೆ ತೆಗೆದು ತೋರಿಸಿದಳು. ನಾನು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಸ್ಕಾಟ್ಲೆಂಡಿನ ಈಶಾನ್ಯದಲ್ಲಿ ಸ್ಪೇ ಎಂಬ ನದಿ ಹರಿಯುತ್ತದೆ. ಅದರ ಕಣಿವೆಯ ಸೀಮೆಗೆ ಸ್ಪೇಸೈಡ್ ಎಂದು ಹೆಸರು. ನಮ್ಮ ಒಂದು ತಾಲ್ಲೂಕಿನಷ್ಟೋ ಎರಡು ತಾಲ್ಲೂಕಿನಷ್ಟೋ ಇರುವ ಈ ಜಾಗದಲ್ಲಿ ಐವತ್ತರ ಆಸುಪಾಸು ವಿಸ್ಕಿ ಭಟ್ಟಿಗಳಿವೆ. ಒಳ್ಳೆಯ ನೀರು, ಬಾರ್ಲಿ ಬೆಳೆಯುವ ಹೊಲ, ಹಿಂದಿನ ಕಾಲದಲ್ಲಿ ಸುಂಕದವರ ಕಣ್ಣಿಗೆ ಬೀಳದಂತೆ ಅಡಗಲು ಗುಡ್ಡಗಳು. ಈ ಮೂರೂ ಸೇರಿದ್ದರಿಂದ ಈ ಸೀಮೆ ಹೀಗಾಯಿತಂತೆ.

ಮೊದಲು ತಮ್ಮ ಕಳಿಸಿದ ಪಟ್ಟಿಯಲ್ಲಿ ನಾಲ್ಕು ದಿನಕ್ಕೆ ಒಂಬತ್ತು ಕಾರ್ಖಾನೆ ಇತ್ತು. ತಿರುಪತಿ ಪ್ಯಾಕೇಜ್ ಟೂರಿನ ಹಾಗೆ! ನಾನು ಅದನ್ನು ಹೊಡೆದುಹಾಕಿ "ದಿನಕ್ಕೆ ಒಂದೇ. ಮಿಕ್ಕ ಹೊತ್ತು ಊರು, ಹೊಲ, ನದಿ" ಎಂದು ಬರೆದೆ. ಒಂದು ಕಾರ್ಖಾನೆಗೆ ಒಂದು ಒಂದೂವರೆ ಗಂಟೆ ಬೇಕು. ಒಳಗೆ ಕಾಣುವುದು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ದಿನಕ್ಕೆ ಮೂರು ನೋಡಿದರೆ ಸಂಜೆಗೆ ಯಾವುದು ಯಾವುದೆಂದು ನೆನಪಿರುವುದಿಲ್ಲ.

ತಿಂಗಳಿನ ಆಯ್ಕೆಯೂ ಮುಖ್ಯ. ಏಪ್ರಿಲ್ ಕೊನೆ, ಮೇ ಮೊದಲಲ್ಲಿ ಅಲ್ಲಿ ವಿಸ್ಕಿ ಉತ್ಸವ ನಡೆಯುವುದರಿಂದ ರೂಮು ಸಿಗುವುದು ಕಷ್ಟ. ಜುಲೈ–ಆಗಸ್ಟಿನಲ್ಲಿ ಕೆಲವು ಭಟ್ಟಿಗಳು ದುರಸ್ತಿಗೆಂದು ಕೆಲವು ವಾರ ಒಲೆ ಆರಿಸುತ್ತವೆ. ಹೋದವರು ತಣ್ಣಗಿನ ಹಂಡೆ ನೋಡಿ ಬರಬೇಕು. ಚಳಿಗಾಲದಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ಅದಕ್ಕೆ ಜೂನ್ ಆರಿಸಿದೆ. ಆಗ ರಾತ್ರಿ ಹತ್ತು ಗಂಟೆಗೂ ಬೆಳಕಿರುತ್ತದೆ ಎಂದರೆ ನಂಬುತ್ತೀರಾ? ಮೊದಲ ರಾತ್ರಿ ನಾನು "ಸಂಜೆ ದೀಪ ಹಚ್ಚಲಿಲ್ಲವಲ್ಲ" ಎಂದು ಚಡಪಡಿಸಿದ್ದೇ ಚಡಪಡಿಸಿದ್ದು.

ಕಾರು ಓಡಿಸುವವರು ಯಾರು ಎಂಬುದು ಇನ್ನೊಂದು ಪ್ರಶ್ನೆ. ಸ್ಕಾಟ್ಲೆಂಡಿನಲ್ಲಿ ಕುಡಿದು ಗಾಡಿ ಓಡಿಸುವ ಕಾನೂನು ಇಂಗ್ಲೆಂಡಿಗಿಂತ ಬಿಗಿ. 2014ರ ಡಿಸೆಂಬರಿನಲ್ಲಿ ಮಿತಿಯನ್ನು 100 ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂನಿಂದ 50ಕ್ಕೆ ಇಳಿಸಿದರು. ಹೀಗಾಗಿ ಓಡಿಸುವವರು ಒಂದು ಗುಟುಕೂ ಕುಡಿಯದಿರುವುದೇ ಸರಿ. ಅನೇಕ ಕಾರ್ಖಾನೆಗಳು ಡ್ರೈವರಿಗೆ ಅವರ ಪಾಲನ್ನು ಪುಟ್ಟ ಶೀಷೆಯಲ್ಲಿ ತುಂಬಿ ಮನೆಗೆ ಕೊಟ್ಟುಬಿಡುತ್ತವೆ. ಓಡಿಸುವವನು ತಮ್ಮನೇ ಎಂದು ತಿಳಿದು ನನ್ನ ಮನಸ್ಸು ಅರ್ಧ ಹಗುರವಾಯಿತು. ಕಾರು ಬೇಡವೆನ್ನುವವರು ಅಬರ್ಡೀನ್–ಇನ್ವರ್ನೆಸ್ ರೈಲಿನಲ್ಲಿ ಎಲ್ಗಿನ್ ಎಂಬ ಊರಿನಲ್ಲಿಳಿದು ಬಸ್ಸಿನಲ್ಲೂ ಹೋಗಬಹುದು.

ತಮ್ಮನ ಹೆಂಡತಿಗೆ ರಜೆ ಸಿಗಲಿಲ್ಲ. ಬೆಳಿಗ್ಗೆ ನಾವು ಮೂವರೇ ಹೊರಟೆವು. ನನ್ನ ಚೀಲದಲ್ಲಿ ಚಟ್ನಿಪುಡಿ, ಗೊಜ್ಜವಲಕ್ಕಿ, ಒಂದು ಡಬ್ಬಿ ಕೋಡುಬಳೆ. ದಾರಿಯ ಎರಡೂ ಕಡೆ ಬಾರ್ಲಿ ಹೊಲ, ಕಲ್ಲಿನ ಗೋಡೆ, ಮೈತುಂಬ ಉಣ್ಣೆ ಹೊತ್ತ ಕುರಿಗಳು. ಮಳೆ ಬರುತ್ತದೆ, ಐದು ನಿಮಿಷಕ್ಕೆ ಬಿಸಿಲು, ಮತ್ತೆ ಮಳೆ. ಮಲೆನಾಡಿನವರಿಗೆ ಹೊಸದೇನಲ್ಲ, ಆದರೆ ಚಳಿ ಮಾತ್ರ ಜೂನಿನಲ್ಲೂ ಸ್ವೆಟರ್ ಬೇಡುತ್ತದೆ.

ಸುಮಾರು 80 ಕಿಲೋಮೀಟರ್ ಬಂದ ಮೇಲೆ ಕೀತ್ ಎಂಬ ಊರು. ಅಲ್ಲಿರುವ ಸ್ಟ್ರಾತೈಲಾ 1786ರಲ್ಲಿ ಶುರುವಾದದ್ದು. ಹೈಲ್ಯಾಂಡ್ಸ್ ಸೀಮೆಯಲ್ಲಿ ಇಂದಿಗೂ ನಡೆಯುತ್ತಿರುವ ಭಟ್ಟಿಗಳಲ್ಲಿ ಅತಿ ಹಳೆಯದೆಂದು ಹೇಳುತ್ತಾರೆ. ಕಲ್ಲಿನ ಕಟ್ಟಡ, ಮೇಲೆ ಗೋಪುರದ ಹಾಗೆ ಚೂಪಾದ ಎರಡು ಮಾಡು. ಯಾವುದೋ ಹಳೆಯ ಮಠದಂತೆ ಕಾಣಿಸಿತು. ಆ ದಿನ ನಾನು ಒಳಗೆ ಹೋಗದೆ ಹೊರಗಿನಿಂದಲೇ ನೋಡಿದೆ. ತಮ್ಮ ಒತ್ತಾಯ ಮಾಡಲಿಲ್ಲ. ನಮ್ಮವರು ಹೋಗಿ ಬಂದು "ಏನಿಲ್ಲ ಕಣೇ, ದೊಡ್ಡ ಅಡುಗೆಮನೆ" ಎಂದರು.

ನಾವು ಇಳಿದುಕೊಂಡದ್ದು ಅಬರ್ಲೌರ್ ಎಂಬ ಪುಟ್ಟ ಊರಿನಲ್ಲಿ. ಹೋಟೆಲಲ್ಲ, ಒಬ್ಬ ವಯಸ್ಸಾದ ಹೆಂಗಸು ತನ್ನ ಮನೆಯಲ್ಲೇ ಎರಡು ರೂಮು ಬಾಡಿಗೆಗೆ ಕೊಟ್ಟು ಬೆಳಗಿನ ತಿಂಡಿ ಮಾಡಿಕೊಡುತ್ತಿದ್ದಳು. ಅಲ್ಲಿ ಇಂಥ ಮನೆಗಳು ಬಹಳ. ಒಂದೇ ಊರಿನಲ್ಲಿ ಬಿಡಾರ ಹೂಡುವುದು ನನ್ನ ಯೋಜನೆಯ ಮುಖ್ಯ ಅಂಶ. ದಿನವೂ ಪೆಟ್ಟಿಗೆ ಕಟ್ಟಿ ಬಿಚ್ಚುವ ಕೆಲಸ ಯಾರಿಗೆ ಬೇಕು? ನೋಡಬೇಕೆಂದಿದ್ದ ಜಾಗಗಳೆಲ್ಲ ಅಲ್ಲಿಂದ 25 ಕಿಲೋಮೀಟರಿನ ಒಳಗಿದ್ದವು.

ಎರಡನೆಯ ದಿನ ಕಾರ್ಡು. ಇದನ್ನು ಪಟ್ಟಿಗೆ ಸೇರಿಸಿದವಳು ನಾನೇ, ಏಕೆಂದರೆ ಇದು ಹೆಂಗಸರು ಕಟ್ಟಿದ ಭಟ್ಟಿ. 1811ರಲ್ಲಿ ಜಾನ್ ಕಮಿಂಗ್ ಎಂಬ ರೈತ ಇಲ್ಲಿ ಹೊಲ ಗುತ್ತಿಗೆಗೆ ಹಿಡಿದ. ಅವನ ಹೆಂಡತಿ ಹೆಲೆನ್ ಕದ್ದು ವಿಸ್ಕಿ ಇಳಿಸುತ್ತಿದ್ದಳು. ಮನೆಯ ಕಿಟಕಿಯಿಂದಲೇ ವ್ಯಾಪಾರ! ಸುಂಕದ ಅಧಿಕಾರಿಗಳು ಬಂದರೆ ಹೆಲೆನ್ ಕೈಗೆ ಹಿಟ್ಟು ಮೆತ್ತಿಕೊಂಡು ರೊಟ್ಟಿ ಸುಡುವವಳ ಹಾಗೆ ನಿಲ್ಲುತ್ತಿದ್ದಳಂತೆ. ಹುಳಿ ಬಂದ ವಾಸನೆಗೆ ರೊಟ್ಟಿಯ ಹಿಟ್ಟೇ ಸಬೂಬು. ಅವರನ್ನು ಊಟಕ್ಕೆ ಕೂರಿಸಿ, ಹಿತ್ತಿಲಿಗೆ ಹೋಗಿ ಕೊಟ್ಟಿಗೆಯ ಮೇಲೆ ಕೆಂಪು ಬಾವುಟ ಏರಿಸುತ್ತಿದ್ದಳು. ಅದನ್ನು ಕಂಡು ಸುತ್ತಮುತ್ತಲಿನವರೆಲ್ಲ ತಮ್ಮ ಹಂಡೆಗಳನ್ನು ಅಡಗಿಸುತ್ತಿದ್ದರು. 1823ರಲ್ಲಿ ಸರ್ಕಾರ ಹೊಸ ಕಾನೂನು ತಂದು ಪರವಾನಗಿ ಸುಲಭ ಮಾಡಿತು. 1824ರಲ್ಲಿ ಕಮಿಂಗ್ ಮನೆತನ ಪರವಾನಗಿ ಪಡೆಯಿತು. ಹೆಲೆನ್ ತೊಂಬತ್ತು ದಾಟಿ ಬಾಳಿದಳು.

ಅವಳಿಗಿಂತ ನನ್ನ ಮನಸ್ಸಿಗೆ ಹಿಡಿಸಿದವಳು ಸೊಸೆ ಎಲಿಜಬೆತ್. 1872ರಲ್ಲಿ ಗಂಡ ತೀರಿಕೊಂಡ. ಚಿಕ್ಕ ಮಕ್ಕಳು, ಹೊಲ, ಜೊತೆಗೆ ಭಟ್ಟಿ. ಆಕೆ ಮಾರಿ ತವರಿಗೆ ಹೋಗಲಿಲ್ಲ. ಸುಮಾರು ಇಪ್ಪತ್ತು ವರ್ಷ ತಾನೇ ನಡೆಸಿದಳು. 1884–85ರಲ್ಲಿ ಹೊಸ ಕಟ್ಟಡ ಕಟ್ಟಿಸಿದಳು. ಹಳೆಯ ಹಂಡೆಗಳನ್ನು ವಿಲಿಯಂ ಗ್ರಾಂಟ್ ಎಂಬಾತನಿಗೆ ಮಾರಿದಳು. ಆತ ಅವುಗಳಿಂದಲೇ ಗ್ಲೆನ್‌ಫಿಡಿಕ್ ಶುರುಮಾಡಿದ. 1893ರಲ್ಲಿ ಜಾನ್ ವಾಕರ್ ಕಂಪನಿಗೆ ಮಾರುವಾಗಲೂ ಮಗನಿಗೆ ಕಂಪನಿಯ ಆಡಳಿತದಲ್ಲಿ ಸ್ಥಾನ ಸಿಗುವಂತೆ ಕರಾರು ಮಾಡಿಕೊಂಡಳು. ಜಾಣೆ! ಆದರೆ ಅಲ್ಲೇ ನಿಂತು ನನಗೊಂದು ಯೋಚನೆಯೂ ಬಂತು. ಇವಳ ಮಕ್ಕಳು ಇದರಿಂದ ಉದ್ಧಾರವಾದರು. ಇದನ್ನು ಕೊಂಡವರ ಮಕ್ಕಳು?

ಮೂರನೆಯ ದಿನ ಡಫ್‌ಟೌನ್ ಊರಿನ ಗ್ಲೆನ್‌ಫಿಡಿಕ್. ಹೆಸರಿನ ಅರ್ಥ ಜಿಂಕೆಗಳ ಕಣಿವೆ. ವಿಲಿಯಂ ಗ್ರಾಂಟ್ ತನ್ನ ಏಳು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳ ಜೊತೆ ಸೇರಿ ಕಲ್ಲು ಹೊತ್ತು 1886ರಲ್ಲಿ ಕಟ್ಟಿದ್ದು. 1887ರ ಕ್ರಿಸ್‌ಮಸ್ ದಿನ ಮೊದಲ ಸಾರ ಇಳಿಯಿತು. 1969ರಲ್ಲೇ ಜನರಿಗೆ ಬಾಗಿಲು ತೆರೆದು ನೋಡಲು ಬಿಟ್ಟರು. ಈ ದಿನ ನಾನೂ ಒಳಗೆ ಹೋದೆ.

ನಂಬಿ, ಮೊದಲರ್ಧ ನಮ್ಮ ಅಡುಗೆಮನೆಯ ಪಾಠವೇ. ಬಾರ್ಲಿಯನ್ನು ಎರಡು ಮೂರು ದಿನ ನೆನೆಹಾಕಿ ಮೊಳಕೆ ಬರಿಸುತ್ತಾರೆ. ಮೊಳಕೆ ಉದ್ದ ಬೆಳೆಯುವ ಮೊದಲೇ ಬಿಸಿ ಗಾಳಿಯಲ್ಲಿ ಒಣಗಿಸಿ ಒಡೆಯುತ್ತಾರೆ. ಮಗುವಿಗೆ ರಾಗಿ ಸರಿ ಮಾಡಲು ನಾವು ರಾಗಿಗೆ ಮೊಳಕೆ ಕಟ್ಟಿ ಒಣಗಿಸಿ ಬೀಸುವುದಿಲ್ಲವೇ, ಅದೇ! ಕಾರಣವೂ ಅದೇ. ಮೊಳಕೆಯಲ್ಲಿ ಹಿಟ್ಟಿನಂಶ ಸಕ್ಕರೆಯಾಗಲು ತಯಾರಾಗುತ್ತದೆ. ಈಗ ಹೆಚ್ಚಿನವರು ಮೊಳಕೆಯ ಕಾಳನ್ನು ಬೇರೆ ಕಾರ್ಖಾನೆಯಿಂದ ತರಿಸುತ್ತಾರೆ. ಪಕ್ಕದ ಬಾಲ್ವೆನಿಯಲ್ಲಿ ಮಾತ್ರ ಸ್ವಲ್ಪ ಭಾಗವನ್ನು ನೆಲದ ಮೇಲೆ ಹರಡಿ ಮರದ ಸಲಿಕೆಯಿಂದ ಮಗುಚುವ ಹಳೆಯ ಪದ್ಧತಿ ಉಳಿದಿದೆ.

ಒಡೆದ ಕಾಳಿಗೆ ಬಿಸಿನೀರು ಹಾಕಿ ಸಿಹಿನೀರು ಬಸಿಯುತ್ತಾರೆ. ಉಳಿದ ಗಸಿ ದನಗಳ ಮೇವಿಗೆ. ಸಿಹಿನೀರನ್ನು ಮನೆಯೆತ್ತರದ ಮರದ ತೊಟ್ಟಿಗಳಿಗೆ ಬಿಟ್ಟು ಯೀಸ್ಟ್ ಹಾಕುತ್ತಾರೆ. ಎರಡು ಮೂರು ದಿನ ಅದು ಉಕ್ಕುತ್ತದೆ. ತೊಟ್ಟಿಯ ಮುಚ್ಚಳ ತೆರೆದಾಗ ದೋಸೆಹಿಟ್ಟು ಹೆಚ್ಚು ಹುಳಿ ಬಂದಾಗಿನ ವಾಸನೆ. ನಾನು ಅಲ್ಲಿಯವರೆಗೆ ಖುಷಿಯಾಗಿಯೇ ಇದ್ದೆ.

ಮುಂದಿನದು ತಾಮ್ರದ ಹಂಡೆಗಳ ಮನೆ. ಹಂಸದ ಕತ್ತಿನಂತೆ ಬಾಗಿದ ದೊಡ್ಡ ದೊಡ್ಡ ಹಂಡೆಗಳು, ಫಳಫಳ ಹೊಳೆಯುತ್ತವೆ. ಹುಣಿಸೆಹಣ್ಣು ಹಾಕಿ ಉಜ್ಜಿದರೂ ನಮ್ಮ ನೀರೊಲೆಯ ಹಂಡೆಗೆ ಆ ಹೊಳಪು ಬಾರದು. ಎರಡು ಸಲ ಕಾಯಿಸಿ ಇಳಿಸುತ್ತಾರೆ. ಎರಡನೆಯ ಸಲ ಮೊದಲು ಬಂದದ್ದೂ ಕೊನೆಗೆ ಬಂದದ್ದೂ ಬೇಡ, ನಡುವಿನದು ಮಾತ್ರ ಪೀಪಾಯಿಗೆ. ಮಿಕ್ಕದ್ದು ಮತ್ತೆ ಹಂಡೆಗೆ. ಸಾರ ಇಳಿಯುವ ಗಾಜಿನ ಪೆಟ್ಟಿಗೆಗೆ ಹಿಂದಿನ ಕಾಲದಿಂದ ಬೀಗ. ಆಗ ಬೀಗದಕೈ ಸುಂಕದವರ ಬಳಿ ಇರುತ್ತಿತ್ತಂತೆ. ಹೊಸದಾಗಿ ಇಳಿದದ್ದು ನೀರಿನ ಹಾಗೆ ತಿಳಿ. ಬಣ್ಣವೆಲ್ಲ ಆಮೇಲೆ ಮರದಿಂದ ಬರುವುದು. ಸುಟ್ಟ ಸಕ್ಕರೆಯ ಬಣ್ಣ ಬೆರೆಸಲೂ ಅಲ್ಲಿನ ಕಾನೂನು ಒಪ್ಪುತ್ತದೆ.

ಆ ತಿಳಿ ನೀರಿನ ಆವಿ ಮೂಗಿಗೆ ಬಂದ ಕೂಡಲೇ ನನಗೆ ಅಪ್ಪನ ಅಂಗಿ ನೆನಪಾಯಿತು. ಒಗೆಯುವ ಕಲ್ಲಿನ ಮೇಲೆ ಶನಿವಾರದ ಅಂಗಿ. ಎಷ್ಟು ಸೋಪು ಹಾಕಿದರೂ ಹೋಗದ ವಾಸನೆ. ಎದೆ ಹಿಡಿದ ಹಾಗಾಗಿ ಹೊರಗೆ ಬಂದುಬಿಟ್ಟೆ. ನಮ್ಮವರೂ ಹಿಂದೆಯೇ ಬಂದು ಸುಮ್ಮನೆ ಪಕ್ಕದಲ್ಲಿ ಕುಳಿತರು. ಏನೂ ಕೇಳಲಿಲ್ಲ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಯಾವಾಗ ಮಾತಾಡಬಾರದೆಂದು ಅವರು ಕಲಿತಿದ್ದಾರೆ.

ಆ ಸಂಜೆ ಮನೆಯೊಡತಿ ಚಹಾ ತಂದು ಕೊಟ್ಟು, "ಹೇಗಿತ್ತು?" ಎಂದಳು. ಅವಳ ಉಚ್ಚಾರಣೆ ನನಗೆ ಅರ್ಧ ತಿಳಿಯದು, ತಮ್ಮನೇ ದುಭಾಷಿ. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವಳು ಕುರ್ಚಿ ಎಳೆದುಕೊಂಡು ಕುಳಿತಳು. ಅವಳ ಅಪ್ಪನೂ ಭಟ್ಟಿಯ ಕೆಲಸಗಾರ. ಆ ಕಾಲದಲ್ಲಿ ಕೆಲಸಗಾರರಿಗೆ ದಿನಕ್ಕೆ ಎರಡು ಮೂರು ಸಲ ಕಾರ್ಖಾನೆಯಲ್ಲೇ ಅಳತೆಯ ವಿಸ್ಕಿ ಕೊಡುವ ಪದ್ಧತಿಯಿತ್ತು. ಕೊಳಕು ಕೆಲಸ ಮಾಡಿದವರಿಗೆ ಇನ್ನೊಂದು ಹೆಚ್ಚು. ಸಾಲದೆ ಕೆಲವರು ತಾಮ್ರದ ಕೊಳವೆಯನ್ನು ಪ್ಯಾಂಟಿನೊಳಗೆ ಇಳಿಬಿಟ್ಟು ಕದ್ದು ತರುತ್ತಿದ್ದರಂತೆ. ಅದಕ್ಕೆ 'ನಾಯಿ' ಎಂದು ಹೆಸರು, ಯಜಮಾನನ ಬೆನ್ನು ಬಿಡದ್ದರಿಂದ. ಈ ಮಾತಿಗೆ ನಮ್ಮವರು ಗಟ್ಟಿಯಾಗಿ ನಕ್ಕರು, ಅವಳೂ ನಕ್ಕಳು. 1970ರ ದಶಕದ ನಂತರ ಆ ಪದ್ಧತಿ ನಿಂತುಹೋಯಿತು. "ಸಂಬಳದ ದಿನ ಅಮ್ಮ ಗೇಟಿನ ಹತ್ತಿರ ಕಾಯುತ್ತಿದ್ದಳು. ನಾನೂ ಜೊತೆಗೆ" ಎಂದಳು. ತಮ್ಮ ಅದನ್ನು ಕನ್ನಡದಲ್ಲಿ ಹೇಳುವ ಮೊದಲೇ ನನಗೆ ಅರ್ಥವಾಗಿತ್ತು.

ನಾಲ್ಕನೆಯ ದಿನ ಯಾವ ಕಾರ್ಖಾನೆಯೂ ಬೇಡವೆಂದು ಪಟ್ಟಿಯಲ್ಲೇ ಬರೆದಿದ್ದೆ. ಅಬರ್ಲೌರ್‌ನಿಂದ ಕ್ರೇಗೆಲಾಕಿಗೆ ನದಿಯ ದಂಡೆಯ ಮೇಲೆ ಮೂರು ಕಿಲೋಮೀಟರ್ ಕಾಲುದಾರಿಯಿದೆ. ಹಿಂದೆ ಅದು ರೈಲುದಾರಿ. 1960ರ ದಶಕದಲ್ಲಿ ರೈಲು ನಿಂತ ಮೇಲೆ ಕಂಬಿ ಕಿತ್ತು ನಡೆಯುವ ದಾರಿ ಮಾಡಿದರು. ಹಳೆಯ ಸ್ಟೇಷನ್ ಕಟ್ಟಡ ಇನ್ನೂ ಇದೆ. ಸ್ಪೇ ನದಿಗೆ ಬಹಳ ಸೆಳೆತ. ಸೊಂಟದವರೆಗೆ ನೀರಿನಲ್ಲಿ ನಿಂತು ಸಾಲ್ಮನ್ ಮೀನಿಗೆ ಗಾಳ ಹಾಕುವವರು ಅಲ್ಲಲ್ಲಿ. ದಾರಿಯ ಕೊನೆಗೆ ಥಾಮಸ್ ಟೆಲ್‌ಫೋರ್ಡ್ ಎಂಬ ಎಂಜಿನಿಯರ್ ಕಟ್ಟಿದ, 1814ರ ಕಬ್ಬಿಣದ ಕಮಾನು ಸೇತುವೆ. ಅದನ್ನು ನೋಡಲು ನಮ್ಮವರು ಮುಂದೆ ಹೋದರು. ನಾವಿಬ್ಬರೂ ಹಿಂದೆ ಉಳಿದೆವು.

"ಅಕ್ಕಾ, ನನಗೆ ಅಪ್ಪನ ವಿಷಯ ಒಂದೇ ಒಂದು ನೆನಪಿದೆ" ಎಂದ ತಮ್ಮ. "ನೀನು ನನ್ನ ಎತ್ಕೊಂಡು ಎಲ್ಲೋ ಹೋಗ್ತಿದ್ದೆ. ಅಲ್ಲಿ ಅಪ್ಪ ಬೇಯಿಸಿದ ಕಡಲೆಕಾಯಿ ಕೊಡಿಸ್ತಿದ್ರು. ಪೇಪರ್ ಪೊಟ್ಟಣ ಬಿಸಿಯಾಗಿರ್ತಿತ್ತು."

ಅದು ಸಾರಾಯಿ ಅಂಗಡಿಯ ಮುಂದಿನ ಗಾಡಿ. ನನಗೆ ಆ ಕಡಲೆಕಾಯಿ ನೆನಪೇ ಇರಲಿಲ್ಲ. ನನಗಿದ್ದದ್ದು ಪ್ಯಾಕೆಟ್ಟು, ವಾಸನೆ, ಜನ ನೋಡುವ ನಾಚಿಕೆ. ಮೂವತ್ತು ವರ್ಷದಲ್ಲಿ ನಾನು ಅವನಿಗೆ ಅದು ಎಂಥ ಜಾಗವೆಂದು ಹೇಳಿರಲಿಲ್ಲ. ಅಲ್ಲಿಯೇ ಕಲ್ಲುಬೆಂಚಿನ ಮೇಲೆ ಕುಳಿತು ಹೇಳಿದೆ. ಅವನು ನದಿ ನೋಡುತ್ತ ಕೇಳಿಸಿಕೊಂಡ. ಆಮೇಲೆ, "ನಾನೂ ತಗೋತೀನಿ ಅಕ್ಕಾ. ತಿಂಗಳಿಗೆ ಒಂದೆರಡು ಸಲ. ಊರಿಗೆ ಬಂದಾಗೆಲ್ಲ ನಿನ್ನ ಹತ್ರ ಮುಚ್ಚಿಡೋದು ಸಾಕಾಗಿತ್ತು. ಅದಕ್ಕೇ ಇಲ್ಲಿಗೆ ಕರೆದೆ" ಎಂದ.

ಬಯ್ಯಬೇಕು ಎನ್ನಿಸಿತು. ಮಾತೇ ಬರಲಿಲ್ಲ. ಅವನು ಸುಳ್ಳು ಹೇಳದೆ ಇದ್ದದ್ದು ದೊಡ್ಡದೋ, ಕುಡಿಯುವುದು ದೊಡ್ಡದೋ ಎಂದು ತೂಗುತ್ತ ಬಹಳ ಹೊತ್ತು ಕುಳಿತೆ. ಕೊನೆಗೆ "ಅಪ್ಪನೂ ಮೊದಲು ತಿಂಗಳಿಗೆ ಒಂದು ಸಲವೇ ಕಣೋ" ಎಂದೆ. "ಗೊತ್ತು" ಎಂದ. "ಗೊತ್ತಿದ್ರೆ ಲೆಕ್ಕ ಇಟ್ಕೋ. ಲೆಕ್ಕ ತಪ್ಪಿದ ದಿನ ಹೆಂಡತಿ ಹತ್ರ ಹೇಳು, ಇಲ್ಲಾ ನನಗೆ ಫೋನ್ ಮಾಡು. ನಾನು ಬಯ್ಯಲ್ಲ, ಆದ್ರೆ ಬಂದು ಕರ್ಕೊಂಡು ಹೋಗ್ತೀನಿ" ಎಂದೆ. ಅವನ ಕಣ್ಣು ತುಂಬಿತು. ನನಗೂ. ಅಷ್ಟರಲ್ಲಿ ನಮ್ಮವರು ಸೇತುವೆಯ ಮೇಲಿಂದ ಫೋಟೋ ತೆಗೆಯಲು ಕೂಗಿದರು.

ಐದನೆಯ ದಿನ ಕ್ರೇಗೆಲಾಕಿಯ ಸ್ಪೇಸೈಡ್ ಕೂಪರೇಜ್. ಇಲ್ಲಿ ವಿಸ್ಕಿಯಿಲ್ಲ, ಪೀಪಾಯಿ ಮಾಡುವ, ದುರಸ್ತಿ ಮಾಡುವ ಬಡಗಿಗಳ ಕೆಲಸಮನೆ. ಮೇಲಿನ ಗ್ಯಾಲರಿಯಿಂದ ನಿಂತು ನೋಡಬಹುದು. ಅಂಗಳದಲ್ಲಿ ಪೀಪಾಯಿಗಳ ಬೆಟ್ಟ. ಓಕ್ ಮರದ ಹಲಗೆಗಳನ್ನು ಮೊಳೆ, ಅಂಟು ಏನೂ ಇಲ್ಲದೆ ಬರೀ ಕಬ್ಬಿಣದ ಬಳೆಗಳಿಂದ ಬಿಗಿಯುತ್ತಾರೆ. ಸಂದಿಗೆ ಒಣಗಿದ ಜೊಂಡು ತುರುಕುತ್ತಾರೆ. ಒಳಗನ್ನು ಬೆಂಕಿಯಲ್ಲಿ ಸುಡುತ್ತಾರೆ. ಹೆಚ್ಚಿನವು ಅಮೆರಿಕದ ಬೂರ್ಬನ್, ಸ್ಪೇನಿನ ಶೆರಿ ತುಂಬಿದ್ದ ಹಳೆಯ ಪೀಪಾಯಿಗಳು. ಲಗಾ ಲಗಾ ಸುತ್ತಿಗೆಯ ಸದ್ದು. ವಾರದಲ್ಲಿ ನನಗೆ ಅತಿ ಇಷ್ಟವಾದ ಜಾಗ ಇದೇ. ಕೆಲಸದ ದಿನವೇ ಹೋಗಿ, ಇಲ್ಲದಿದ್ದರೆ ಬರಿದೇ ಪೀಪಾಯಿ ನೋಡಬೇಕು. ಅಂದು ಮಧ್ಯಾಹ್ನ ರೋತೀಸ್ ಊರಿನ ಗ್ಲೆನ್ ಗ್ರಾಂಟಿಗೆ ಹೋದೆವು. 1840ರ ಭಟ್ಟಿ, ಅದರ ಹಿಂದೆ ತೊರೆಯ ಪಕ್ಕ ದೊಡ್ಡ ಹೂದೋಟ. ಕುಡಿಯದವರೂ ಅರ್ಧ ದಿನ ಕಳೆಯಬಹುದು.

ಕೊನೆಯ ದಿನ ಗ್ಲೆನ್‌ಲಿವೆಟ್. 1824ರಲ್ಲಿ ಪರವಾನಗಿ ಪಡೆದ ಜಾರ್ಜ್ ಸ್ಮಿತ್‌ನನ್ನು ಕಳ್ಳಭಟ್ಟಿಯ ನೆರೆಹೊರೆಯವರು ದ್ರೋಹಿ ಎಂದು ಬೆದರಿಸಿದರು. ಆತ ಸೊಂಟದಲ್ಲಿ ಜೋಡಿ ಪಿಸ್ತೂಲು ಇಟ್ಟುಕೊಂಡೇ ತಿರುಗಬೇಕಾಯಿತು. ಇಲ್ಲಿ ನಾನು ಉಗ್ರಾಣದೊಳಗೆ ಹೋದೆ. ಸ್ಕಾಟ್ಲೆಂಡಿನಲ್ಲಿ ಕನಿಷ್ಠ ಮೂರು ವರ್ಷ ಪೀಪಾಯಿಯಲ್ಲಿ ಇಡದಿದ್ದರೆ ಅದನ್ನು ವಿಸ್ಕಿ ಎನ್ನುವಂತಿಲ್ಲ. ತಣ್ಣಗೆ, ಕತ್ತಲು. ಹಳೇ ಅಟ್ಟದ ವಾಸನೆ, ಜೊತೆಗೆ ಬೆಲ್ಲದ ಪಾಕದ ಘಮ. ಇದು ಅಪ್ಪನ ಅಂಗಿಯ ವಾಸನೆ ಅಲ್ಲ ಎಂದುಕೊಂಡೆ. ವರ್ಷಕ್ಕೆ ನೂರಕ್ಕೆ ಎರಡರಷ್ಟು ಮರದಿಂದ ಆವಿಯಾಗಿ ಹೋಗುತ್ತದೆ. ಅದಕ್ಕೆ ದೇವತೆಗಳ ಪಾಲು ಎನ್ನುತ್ತಾರೆ. ಆ ಆವಿಗೇ ಈ ಸೀಮೆಯ ಗೋಡೆ, ಮರಗಳ ಮೇಲೆಲ್ಲ ಒಂದು ಕಪ್ಪು ಬೂಷ್ಟು ಬೆಳೆಯುತ್ತದೆ. ಮೊದಲ ದಿನದಿಂದ "ಇಷ್ಟು ಚೊಕ್ಕಟದ ಜನ, ಗೋಡೆಗೆ ಸುಣ್ಣ ಯಾಕೆ ಬಳಿಸಿಲ್ಲ" ಎಂದು ನಾನು ಗೊಣಗುತ್ತಿದ್ದದ್ದಕ್ಕೆ ಉತ್ತರ ಸಿಕ್ಕಿತು.

ಬೆಂಗಳೂರಿನ ಸೆಕೆಯಲ್ಲಿ ಈ ಪಾಲು ವರ್ಷಕ್ಕೆ ನೂರಕ್ಕೆ ಹತ್ತನ್ನೂ ದಾಟುತ್ತದೆ. ನಮ್ಮ ಬೆಂಗಳೂರಿನಲ್ಲಿ 1948ರಲ್ಲಿ ಶುರುವಾದ ಅಮೃತ್ ಕಂಪನಿ ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು 2004ರಲ್ಲಿ ಮೊದಲು ಮಾರಾಟಕ್ಕೆ ಇಟ್ಟದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ. ಕೊಲ್ಲನ ಮನೆಗೆ ಸೂಜಿ ಮಾರಲು ಹೋದ ಹಾಗೆ! ವಿಸ್ಕಿ ಎಂಬ ಮಾತಿಗೆ ಮೂಲವಾದ ಗೇಲಿಕ್ ಭಾಷೆಯ ಪದಕ್ಕೆ ಜೀವಜಲವೆಂದೇ ಅರ್ಥ. ಎಲ್ಲ ಕಡೆಯೂ ಜನ ಇದಕ್ಕೆ ಒಳ್ಳೆಯ ಹೆಸರನ್ನೇ ಇಟ್ಟಿದ್ದಾರೆ.

ಅಲ್ಲಿ ನಮ್ಮವರು ಅರ್ಧ ಗುಟುಕು ರುಚಿ ನೋಡಿ "ಜ್ವರದ ಕಷಾಯಕ್ಕಿಂತ ಕಷ್ಟ" ಎಂದು ಮುಖ ಸಿಂಡರಿಸಿದರು. ನಾನು ಮುಟ್ಟಲಿಲ್ಲ. ತಮ್ಮ ತನ್ನ ಪುಟ್ಟ ಶೀಷೆಯನ್ನು ನನ್ನೆದುರಿಗೇ ಜೇಬಿಗೆ ಹಾಕಿಕೊಂಡ. ಹಿಂದೆಯಾದರೆ ಬಚ್ಚಿಡುತ್ತಿದ್ದನೇನೋ.

ಹೋಗುವ ಆಲೋಚನೆ ಇರುವವರಿಗೆ ನಾಲ್ಕು ಮಾತು. ಒಂದೇ ಊರಿನಲ್ಲಿ ಇಳಿದುಕೊಳ್ಳಿ, ದಿನಕ್ಕೆ ಒಂದೇ ಕಾರ್ಖಾನೆ ಇಟ್ಟುಕೊಳ್ಳಿ, ಟಿಕೆಟನ್ನು ಮುಂಚೆಯೇ ಕಾದಿರಿಸಿ. ಚಿಕ್ಕ ಮಕ್ಕಳನ್ನು ಒಳಗೆ ಬಿಡದ ಕಡೆಗಳಿವೆ, ಮೊದಲೇ ವಿಚಾರಿಸಿ. ಹಂಡೆಗಳ ಮನೆಯಲ್ಲಿ ಆವಿಗೆ ಬೆಂಕಿ ಹತ್ತುವ ಭಯದಿಂದ ಮೊಬೈಲ್ ಬಳಸಲು ಅನೇಕ ಕಡೆ ಬಿಡುವುದಿಲ್ಲ. ಮಳೆಕೋಟು, ಸ್ವೆಟರ್, ನಡೆಯುವ ಬೂಟು ಇರಲಿ. ಸಸ್ಯಾಹಾರಿಗಳಿಗೆ ಓಟ್ಸ್ ಗಂಜಿ, ಆಲೂಗಡ್ಡೆಯ ರೊಟ್ಟಿ, ತರಕಾರಿ ಸೂಪು ಸಿಗುತ್ತವೆ. ಆದರೂ ಚಟ್ನಿಪುಡಿ ಮರೆಯಬೇಡಿ.

ಅಬರ್ಲೌರ್‌ಗೆ ಇನ್ನೊಂದು ಹೆಸರುವಾಸಿ ತಿಂಡಿಯಿದೆ, ಷಾರ್ಟ್‌ಬ್ರೆಡ್. 1898ರಲ್ಲಿ ಜೋಸೆಫ್ ವಾಕರ್ ಎಂಬಾತ ಶುರುಮಾಡಿದ ಬೇಕರಿಯ ಕಂಪನಿ ಈಗ ಲೋಕಕ್ಕೆಲ್ಲ ಕಳಿಸುತ್ತದೆ. ಮನೆಯೊಡತಿ ನನಗೆ ಮನೆಯ ಅಳತೆ ಹೇಳಿಕೊಟ್ಟಳು: ಸಕ್ಕರೆ ಒಂದು ಪಾಲು, ಬೆಣ್ಣೆ ಎರಡು ಪಾಲು, ಮೈದಾ ಮೂರು ಪಾಲು. 100 ಗ್ರಾಂ ಪುಡಿ ಸಕ್ಕರೆ, 200 ಗ್ರಾಂ ಬೆಣ್ಣೆ ಚೆನ್ನಾಗಿ ಕಲಸಿ, 300 ಗ್ರಾಂ ಮೈದಾ, ಚಿಟಿಕೆ ಉಪ್ಪು ಸೇರಿಸಿ. ನೀರು ಸೋಕಿಸಬೇಡಿ, ಹೆಚ್ಚು ನಾದಬೇಡಿ. ತಟ್ಟೆಯಲ್ಲಿ ಅರ್ಧ ಅಂಗುಲ ದಪ್ಪಕ್ಕೆ ಒತ್ತಿ, ಫೋರ್ಕಿನಿಂದ ಚುಚ್ಚಿ, 160 ಡಿಗ್ರಿಯಲ್ಲಿ ಅರ್ಧ ಮುಕ್ಕಾಲು ಗಂಟೆ ತಿಳಿ ಹೊಂಬಣ್ಣ ಬರುವವರೆಗೆ ಬೇಯಿಸಿ. ಬಿಸಿಯಿದ್ದಾಗಲೇ ಕತ್ತರಿಸಿ. ಓವನ್ ಇಲ್ಲದವರು ದಪ್ಪ ತಳದ ಪಾತ್ರೆಗೆ ಮರಳು ಹರಡಿ, ಮೇಲೆ ತಟ್ಟೆಯಿಟ್ಟು ಮುಚ್ಚಿ, ಸಣ್ಣ ಉರಿಯಲ್ಲಿ ಮಾಡಬಹುದು.

ಊರಿಗೆ ಬಂದು ಮೊದಲ ಶನಿವಾರ ಅದನ್ನೇ ಮಾಡಿದೆ. ಅಮ್ಮ ಒಂದು ತುಂಡು ಬಾಯಿಗಿಟ್ಟು "ಚೆನ್ನಾಗಿದೆ, ತಮ್ಮ ಹೇಗಿದಾನೆ?" ಎಂದು ಕೇಳಿದಳು. "ಚೆನ್ನಾಗಿದಾನಮ್ಮ. ಅವನಿಗೆ ಅಪ್ಪ ಕೊಡಿಸಿದ ಕಡಲೆಕಾಯಿ ನೆನಪಿದೆಯಂತೆ" ಎಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು, ಮನೆಗೂ ಒಂದು ಪೊಟ್ಟಣ ತರೋರು" ಎಂದಳು. ಅವಳು ಅಪ್ಪನ ಬಗ್ಗೆ ಒಳ್ಳೆಯ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ತಮ್ಮ ಈಗ ಭಾನುವಾರಗಳಲ್ಲಿ ಫೋನ್ ಮಾಡುತ್ತಾನೆ. ನಾನು ಕೇಳುವ ಮೊದಲೇ ಲೆಕ್ಕ ಒಪ್ಪಿಸುತ್ತಾನೆ.